ಶ್ರೀಶೈಲ ಪಾದಯಾತ್ರಿಗಳಿಗೆ: ಕಾಲು ಉಳುಕಿದರೆ, ಮೊಣಕಾಲು ನೋವಾದರೆ

ಎಲ್ಲರಿಗೂ ಶರಣು ಶರಣಾರ್ಥಿ. ಯುಗಾದಿಗೆ ಮುಂಚೆ ವಿಜಯಪುರದಿಂದ ಹೊರಡುವವರು ಇದನ್ನು ಓದಿ, ಮನೆಯ ಹಿರಿಯರಿಗೂ ಹೇಳಿ.

ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಳೆಸಬೇಡಿ. ಮೊದಲ ಎರಡು ದಿನ ತಿಕ್ಕಿದಷ್ಟೂ ಒಳಗೆ ರಕ್ತ ಸೋರಿ ಬಾವು ಏರುತ್ತದೆ. ಐಸನ್ನು ಟವೆಲಿನಲ್ಲಿ ಸುತ್ತಿ 15–20 ನಿಮಿಷ ಇಡಿ, ಎರಡು-ಮೂರು ತಾಸಿಗೊಮ್ಮೆ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಬೆರಳು ತಣ್ಣಗಾದರೆ, ಜುಮ್ಮೆಂದರೆ ಬಿಗಿ ಹೆಚ್ಚಾಗಿದೆ, ಬಿಚ್ಚಿ ಮತ್ತೆ ಕಟ್ಟಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಕೀಲಿನ ಬದಿಗೆ ಉಬ್ಬಿರುವ ಎಲುಬಿನ ಹಿಂಭಾಗ ಒತ್ತಿದರೆ ನೋವಾದರೆ, ಎಕ್ಸ್‌ರೇ ಮಾಡಿಸಲೇಬೇಕು. ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ಪಟ್ಟಿ) ಹರಿದರೂ ಬಹುತೇಕರಿಗೆ ಆಪರೇಷನ್ ಬೇಡ. ಬ್ರೇಸ್ (ಕೀಲಿಗೆ ಆಸರೆ ಕೊಡುವ ಪಟ್ಟಿ) ಮತ್ತು ಒಂಟಿಗಾಲಲ್ಲಿ ನಿಲ್ಲುವ ವ್ಯಾಯಾಮ ಸಾಕು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ಮೇಲೂ ಕಾಲು ಪದೇಪದೇ ಹೊರಳಿದರಷ್ಟೇ ಆಪರೇಷನ್ ಮಾತು.

ಮೊಣಕಾಲು ಸವೆದವರು ಈಗಿನಿಂದಲೇ ತೊಡೆ ಗಟ್ಟಿ ಮಾಡಿಕೊಳ್ಳಿ. ಕಾಲು ಚಾಚಿ ಕುಳಿತು, ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು 5 ಸೆಕೆಂಡ್ ಒತ್ತಿ ಬಿಡಿ. 10 ಸಲ, ಮೂರು ಹೊತ್ತು. ಹೊರಡುವ ಮುಂಚೆ ಸ್ಟಿರಾಯ್ಡ್ ಇಂಜೆಕ್ಷನ್ ಮಾಡಿಸಿಕೊಂಡು ನಡೆಯುವುದು ನಮಗೆ ಸರಿ ಕಾಣುವುದಿಲ್ಲ: ನೋವು ಕೆಲಕಾಲ ತಗ್ಗುತ್ತದೆ, ಸವೆತ ತಗ್ಗದು, ಶುಗರ್ ಇದ್ದವರಿಗೆ ಕೆಲ ದಿನ ಶುಗರ್ ಏರುತ್ತದೆ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗುತ್ತಾ ನಡೆದರೆ ಕಿಡ್ನಿಗೆ ಪೆಟ್ಟು. ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿದ್ದವರು ಈ ವರ್ಷ ನಡಿಗೆ ಬಿಟ್ಟು ಬಸ್ಸಿನಲ್ಲಿ ಬನ್ನಿ, ಕೀಲು ಬದಲಾವಣೆ ಬೇಕೇ ಎಂದು ಎಲುಬು-ಕೀಲು ವೈದ್ಯರನ್ನು ಕೇಳಿ.