ಎಂಜಿನ್ ಬದಲಾವಣೆಗೆ ಇನ್ನು ಗುಜರಿ ಇಸಿಯು ಬಳಸುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಶೆಡ್‌ನಲ್ಲಿ ಕಾರ್ಬ್ಯುರೇಟರ್ ಗಾಡಿಗೆ ಇಂಜೆಕ್ಷನ್ ಎಂಜಿನ್ ಕೂರಿಸುವಾಗ ಗುಜರಿಯಿಂದ ತಂದ ಬಿಡಿ ಇಸಿಯು, ಅಂದರೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ನಿರ್ಧರಿಸುವ ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ, ಹಾಕುವುದಿಲ್ಲ. ಎಂಜಿನ್ ಮಾತ್ರ ಕೊಂಡು ತರುವವರಿಗೆ ಪ್ರೋಗ್ರಾಂ ಮಾಡಬಹುದಾದ ಹೊಸ ಇಸಿಯು, ಅದಕ್ಕೆ ನಾವೇ ಕಟ್ಟಿದ ಹೊಸ ವೈರಿಂಗ್, ಎರಡೂ ಒಟ್ಟಿಗೇ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿಕೊಡಲಾರೆವು. ಖರ್ಚು ಹೆಚ್ಚುತ್ತದೆ, ಗಾಡಿ ನಮ್ಮಲ್ಲಿ ನಿಲ್ಲುವ ದಿನಗಳೂ ಹೆಚ್ಚುತ್ತವೆ. ಕಾಫಿ ದುಡ್ಡು ಕೈಗೆ ಬಂದ ಮೇಲೆ ಮಾಡಿಸೋಣ ಎಂದು ಹಳೆಯ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾದವರಿಗೆ ಇದು ಬೇಸರದ ಸುದ್ದಿ. ಅವರ ಕ್ಷಮೆ ಕೇಳುತ್ತೇವೆ. ಈಗಾಗಲೇ ಮುಂಗಡ ಕೊಟ್ಟು ಹೆಸರು ಬರೆಸಿದವರಿಗೆ ಹೊಸ ಪದ್ಧತಿಯಲ್ಲೇ ಕೆಲಸ ಮಾಡಿಕೊಡುತ್ತೇವೆ, ದರ ಮಾತ್ರ ಹಳೆಯದೇ. ನಡುವಿನ ವ್ಯತ್ಯಾಸವನ್ನು ನಾವು ಭರಿಸುತ್ತೇವೆ.

ಕಂಪನಿಯ ಇಸಿಯು ಕೆಟ್ಟದ್ದು ಎಂದು ನಾವು ಯಾವತ್ತೂ ಹೇಳಿದವರಲ್ಲ. ಮಾರುತಿಯ 1298 ಸಿಸಿ, 16 ವಾಲ್ವಿನ, ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್ನನ್ನೇ ನೋಡಿ. ಜಿಪ್ಸಿ, ಎಸ್ಟೀಮ್, ಮೊದಲ ತಲೆಮಾರಿನ ಸ್ವಿಫ್ಟ್ ಎಲ್ಲದರಲ್ಲೂ ಓಡಿದ ಎಂಜಿನ್ ಅದು. ಕಂಪನಿಯವರು ಚಳಿಯಲ್ಲಿ, ಸೆಖೆಯಲ್ಲಿ, ಎಸಿ ಹಾಕಿ, ಎಸಿ ತೆಗೆದು ಹದ ಮಾಡಿದ ಲೆಕ್ಕಾಚಾರಕ್ಕೆ ಸಮನಾದದ್ದನ್ನು ಯಾವ ಶೆಡ್ಡೂ ಸುಲಭವಾಗಿ ಕೊಡಲಾರದು. ಆದ್ದರಿಂದ ಇಡೀ ಗಾಡಿಯನ್ನೇ ತಂದರೆ, ಅಂದರೆ ಎಂಜಿನ್, ಇಸಿಯು, ಕತ್ತರಿಸದ ವೈರಿಂಗ್, ಕೀ ಎಲ್ಲವೂ ಒಂದೇ ಗಾಡಿಯವಾಗಿದ್ದರೆ, ಈಗಲೂ ಅದನ್ನೇ ಜೋಡಿಸಿ ಕೊಡುತ್ತೇವೆ, ಸಂತೋಷದಿಂದ.

ತೊಂದರೆ ಇರುವುದು ಬಿಡಿ ಇಸಿಯುನಲ್ಲಿ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುವ ಗಾಡಿಯ ಇಸಿಯು ತನ್ನದೇ ಕೀಯ ಚಿಪ್ಪನ್ನು ಹುಡುಕುತ್ತದೆ, ಸಿಗದಿದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೆರೆಯಲು ಬಿಡುವುದಿಲ್ಲ. ಕೆಲವು ಇಸಿಯುಗಳು ಗಾಡಿಯ ವೇಗದ ಸಿಗ್ನಲ್ ನೋಡಿ ಐಡ್ಲಿಂಗ್ ಸರಿಪಡಿಸುತ್ತವೆ. ಹಳೆಯ ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್‌ನಿಂದ ತಿರುಗುವಂಥದ್ದು, ಆ ಸಿಗ್ನಲ್ ಎಲ್ಲಿಂದ ಬರಬೇಕು? ಇದೆಲ್ಲಕ್ಕೂ ದಾರಿ ಹುಡುಕಬಹುದು, ಹುಡುಕಿದ್ದೇವೆ ಕೂಡ. ಆದರೆ ಆ ಪೆಟ್ಟಿಗೆ ನೆರೆ ನೀರಿನಲ್ಲಿ ಮುಳುಗಿದ ಕಾರಿನದೋ, ಒಳಗಿನ ಬೋರ್ಡಿಗೆ ಹಸಿರು ಹಿಡಿದಿದೆಯೋ ಎಂದು ಗುಜರಿಯವನೂ ಹೇಳಲಾರ, ನಾವೂ ಹೊರಗಿನಿಂದ ಹೇಳಲಾರೆವು. ಬೆಂಚಿನ ಮೇಲೆ ಸರಿಯಾಗಿ ಓಡಿ, ಜುಲೈ ಮಳೆಯಲ್ಲಿ ಸಂಪಾಜೆ ಘಾಟಿಯ ತಿರುವಿನಲ್ಲಿ ನಿಂತುಬಿಟ್ಟರೆ ಜನ ಕೇಳುವುದು ಗುಜರಿಯವನನ್ನಲ್ಲ, ನಮ್ಮನ್ನು. ಕೇಳಬೇಕಾದದ್ದೂ ನಮ್ಮನ್ನೇ. ಹಾಗಿದ್ದ ಮೇಲೆ ಒಳಗೆ ಏನಿದೆ ಎಂದು ನಮಗೆ ಗೊತ್ತಿರುವ ವಸ್ತುವನ್ನೇ ಹಾಕುತ್ತೇವೆ.

ಇನ್ನು ನಾವು ಪದೇ ಪದೇ ಕೇಳಿರುವ ದೂರಿಗೆ ಬರುತ್ತೇವೆ. "ಪೆಟ್ಟಿಗೆ ಆನ್‌ಲೈನ್‌ನಲ್ಲಿ ಇಷ್ಟಕ್ಕೆ ಸಿಗುತ್ತದೆ. ನೀವು ಅದಕ್ಕಿಂತ ಹೆಚ್ಚಿನ ಬಿಲ್ಲನ್ನು ಬರೀ ವೈರಿಗೆ ಹಾಕುತ್ತೀರಿ." ಫೋನಿನಲ್ಲಿ ಕೇಳಿದ್ದೇವೆ, ಮದುವೆ ಮನೆಯಲ್ಲಿ ಕೇಳಿದ್ದೇವೆ, ಬೇರೆಯವರ ಬಾಯಿಂದಲೂ ಕೇಳಿದ್ದೇವೆ. ಮಾತು ನಿಜ. ವೈರಿಂಗ್ ಮತ್ತು ಟ್ಯೂನಿಂಗ್ (ಇಸಿಯುಗೆ ಲೆಕ್ಕ ತುಂಬಿ ಎಂಜಿನ್ ಹದ ಮಾಡುವ ಕೆಲಸ) ಎರಡೂ ಸೇರಿದರೆ ಇಸಿಯು ಬೆಲೆಯನ್ನು ಮೀರುತ್ತದೆ. ಆದರೆ "ಬರೀ" ಎನ್ನುವುದನ್ನು ಒಪ್ಪುವುದಿಲ್ಲ.

ಕ್ರ್ಯಾಂಕ್ ಸೆನ್ಸರಿನ ಎರಡು ಎಳೆ ತಂತಿಯನ್ನೇ ತೆಗೆದುಕೊಳ್ಳಿ. ಹಲ್ಲಿನ ಚಕ್ರ ತಿರುಗುವಾಗ, ಹಲ್ಲು ಇಲ್ಲದ ಜಾಗ ಯಾವಾಗ ಎದುರಿಗೆ ಬಂತು ಎನ್ನುವುದರಿಂದ ಇಸಿಯುಗೆ ಪಿಸ್ಟನ್ ಎಲ್ಲಿದೆ ಎಂದು ತಿಳಿಯುತ್ತದೆ. ಕಿಡಿ ಯಾವಾಗ, ಪೆಟ್ರೋಲ್ ಯಾವಾಗ ಎನ್ನುವುದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ. ಕಾಂತದ ಸೆನ್ಸರ್ ಆದರೆ ಸ್ಟಾರ್ಟರ್ ನಿಧಾನವಾಗಿ ತಿರುಗುವಾಗ ಅದರ ಸಿಗ್ನಲ್ ತೀರಾ ಸಣ್ಣದು. ಆ ತಂತಿಯನ್ನು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ತಂತಿಯ ಜೊತೆಗೆ ಒಂದೇ ಟೇಪಿನಲ್ಲಿ ಸುತ್ತಿದರೆ ಕಾಯಿಲಿನ ಗದ್ದಲವನ್ನೇ ಇಸಿಯು ಹಲ್ಲು ಎಂದು ಎಣಿಸುತ್ತದೆ, ಲೆಕ್ಕ ತಪ್ಪಿದೊಡನೆ ಕಿಡಿ ನಿಲ್ಲಿಸುತ್ತದೆ. ಸ್ಕ್ಯಾನರ್ ಹಾಕಿದರೆ ಏನೂ ತೋರಿಸದಿರಬಹುದು, ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟೂ ಆಗಬಹುದು. ಇದಕ್ಕೆ ಬೇಕಾದದ್ದು ಶೀಲ್ಡ್, ಅಂದರೆ ಗದ್ದಲ ತಡೆಯುವ ಲೋಹದ ಹೊದಿಕೆ, ಇರುವ ತಂತಿ, ಆ ಶೀಲ್ಡಿಗೆ ಒಂದೇ ತುದಿಯಲ್ಲಿ ಅರ್ತ್, ಮತ್ತು ಕಾಯಿಲಿನಿಂದ ದೂರ ಹೋಗುವ ದಾರಿ. ನೋಡಿದವರಿಗೆ ಒಂದು ಕಪ್ಪು ವೈರು ಅಷ್ಟೆ.

ಅರ್ತಿಂಗ್ ಕೂಡ ಹಾಗೆಯೇ. ಸೆನ್ಸರುಗಳ ಅರ್ತ್ ಇಸಿಯುಗೇ ಹಿಂತಿರುಗಬೇಕು, ಇಂಜೆಕ್ಟರ್ ಮತ್ತು ಕಾಯಿಲಿನ ದೊಡ್ಡ ಕರೆಂಟು ಎಂಜಿನ್ನಿನ ಕಬ್ಬಿಣಕ್ಕೆ ಹೋಗಬೇಕು. ಎರಡನ್ನೂ ಬಾಡಿಯ ಒಂದು ತುಕ್ಕು ಬೋಲ್ಟಿಗೆ ಬಿಗಿದರೆ ಬಿಸಿಯಾದ ಎಂಜಿನ್ ತಣ್ಣಗಿದೆ ಎಂದು ಇಸಿಯುಗೆ ಕಾಣುತ್ತದೆ, ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬಿದ್ದಾಗ ಬೈಗುಳ ತಿನ್ನುವುದು ಪಾಪ ಇಂಜೆಕ್ಟರ್. ಇಂಜೆಕ್ಟರ್ ಎಂದಾಗ ಇದನ್ನೂ ಹೇಳಬೇಕು: ಪ್ರತಿಯೊಂದರ ರೆಸಿಸ್ಟೆನ್ಸ್ ಅಳೆದ ಮೇಲೆಯೇ ಇಸಿಯುಗೆ ಜೋಡಿಸುತ್ತೇವೆ. ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತದೆ. ಎರಡು ಮೂರು ಓಮ್‌ನದು ಬಂದರೆ ಅದಕ್ಕೆಂದೇ ಮಾಡಿದ ಡ್ರೈವರ್ ಸರ್ಕ್ಯೂಟ್ ಬೇಕು, ಇಲ್ಲವಾದರೆ ಹೊಸ ಇಸಿಯು ಸುಟ್ಟುಹೋಗುತ್ತದೆ.

ನಮ್ಮ ತಂತಿ 125 ಡಿಗ್ರಿ ಸೆಲ್ಸಿಯಸ್ ಶಾಖ ತಡೆಯುವಂಥದ್ದು. ಜಾಯಿಂಟುಗಳನ್ನು ಬೆಸುಗೆ ಹಾಕುವುದಿಲ್ಲ, ಸರಿಯಾದ ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡುತ್ತೇವೆ, ಏಕೆಂದರೆ ತೋಟದ ರಸ್ತೆಯ ಕುಲುಕಾಟಕ್ಕೆ ಬೆಸುಗೆ ಮುಗಿದ ಜಾಗದಲ್ಲೇ ತಂತಿ ಮುರಿಯುತ್ತದೆ. ಕನೆಕ್ಟರುಗಳು ರಬ್ಬರ್ ಸೀಲ್ ಇರುವಂಥವು. ಇಲಿ ಕಡಿಯುವ ಜಾಗ ಯಾವುದೆಂದು ತೋಟದವರಿಗೆ ನಾವು ಹೇಳಬೇಕಾಗಿಲ್ಲ, ಅಲ್ಲಿ ಗಟ್ಟಿ ಕೊಳವೆಯೊಳಗೆ ತಂತಿ ಹೋಗುತ್ತದೆ. ಪ್ರತಿ ತಂತಿಗೂ ಗುರುತು, ಗಾಡಿಯ ಜೊತೆಗೆ ನಕ್ಷೆ. ನಾಳೆ ಬೇರೆ ಊರಿನ ಎಲೆಕ್ಟ್ರಿಷಿಯನ್ ಕೂಡ ಆ ನಕ್ಷೆ ಹಿಡಿದು ಕೆಲಸ ಮಾಡಬಹುದು.

"ಎಂಜಿನ್ ಸ್ಟಾರ್ಟ್ ಆಯಿತಲ್ಲ, ಇನ್ನೂ ಏಕೆ ಇಟ್ಟುಕೊಂಡಿದ್ದೀರಿ?" ಎನ್ನುವವರಿಗೂ ಒಂದು ಮಾತು. ತಣ್ಣನೆಯ ಸ್ಟಾರ್ಟಿಂಗ್ ಸರಿ ಮಾಡಲು ದಿನಕ್ಕೆ ಒಂದೇ ಅವಕಾಶ. ರಾತ್ರಿಯಿಡೀ ತಣಿದ ಎಂಜಿನ್ನಿಗೆ ಬೆಳಿಗ್ಗೆ ಕೀ ತಿರುಗಿಸಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಿ, ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ತಿದ್ದಿದರೆ, ಆ ತಿದ್ದುಪಡಿ ಸರಿಯೇ ಎಂದು ತಿಳಿಯಲು ಮರುದಿನ ಬೆಳಗಾಗಬೇಕು. ಆಳು ಹೆಚ್ಚಿಟ್ಟರೂ ಇದು ಬೇಗ ಆಗುವ ಕೆಲಸವಲ್ಲ. ಆಮೇಲೆ ಘಾಟಿ. ಸಮುದ್ರಮಟ್ಟದ ಮಂಗಳೂರಿಗೆ ಹೋಲಿಸಿದರೆ ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಎಂಟನೇ ಒಂದು ಭಾಗ ಕಡಿಮೆ. ಹೊರಗಿನ ಒತ್ತಡವನ್ನು ಓಡುತ್ತಿರುವಾಗಲೂ ಅಳೆಯುವ ಇಸಿಯು ಬೇಕೆಂದು ನಾವು ಹಟ ಹಿಡಿಯುವುದು ಇದಕ್ಕೇ. ಕೀ ಹಾಕಿದಾಗ ಒಮ್ಮೆ ಮಾತ್ರ ಅಳೆಯುವ ಪೆಟ್ಟಿಗೆ ಘಟ್ಟದ ಬುಡದ ಸಂಪಾಜೆಯ ಗಾಳಿಯ ಲೆಕ್ಕವನ್ನೇ ಹಿಡಿದುಕೊಂಡು ಘಟ್ಟ ಹತ್ತುತ್ತದೆ.

ಪೆಟ್ರೋಲ್ ಕೂಡ ಬದಲಾಗಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. 20 ಶೇಕಡಾ ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಕೊಡಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಇದನ್ನು ಸ್ವಲ್ಪ ಮಟ್ಟಿಗೆ ತಾನೇ ತಿದ್ದುತ್ತದೆ, ಆದರೆ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಸಾಮಾನ್ಯವಾಗಿ ಆ ತಿದ್ದುಪಡಿ ನಡೆಯುವುದಿಲ್ಲ. ಲೋಡ್ ಹೇರಿಕೊಂಡು ಏರು ಹತ್ತುವ ಗಾಡಿಗೆ ಬೇಕಾದದ್ದೇ ಆ ಜಾಗದ ಲೆಕ್ಕ. ಅದನ್ನು ಗಾಳಿ-ಇಂಧನದ ಪಾಲನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ರಸ್ತೆಯಲ್ಲೇ ಓಡಿಸಿ ಬರೆಯುತ್ತೇವೆ. ಸುಡುವ ಪೆಟ್ರೋಲೂ ಬಿಲ್ಲಿನಲ್ಲಿ ಸೇರಿದೆ.

ಜಿಎಸ್‌ಟಿ ವಿಷಯ. ಬಿಡಿಭಾಗಗಳಿಗೆ ತೆರಿಗೆ 2025ರ ಸೆಪ್ಟೆಂಬರ್‌ನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ನೀವು ಏರಿಸುತ್ತಿದ್ದೀರಿ ಎಂದು ಕೆಲವರು ಹೇಳಿದ್ದು ನಮಗೆ ನಿಜಕ್ಕೂ ನೋವಾಯಿತು. ಇಳಿದ ಭಾಗಗಳ ಬೆಲೆಯನ್ನು ನಾವೂ ಇಳಿಸಿದ್ದೇವೆ, ಬಿಲ್ ತೆಗೆದು ನೋಡಿ. ಕೂಲಿಗೆ ಮೊದಲೂ 18, ಈಗಲೂ 18. ನಾವು ಆರಿಸಿದ ಇಸಿಯು ಹೊರದೇಶದಿಂದ ಬರುತ್ತದೆ. ಡಾಲರ್ ಏರಿದರೆ ಅದರ ಬೆಲೆಯೂ ಏರುತ್ತದೆ, ಅದು ನಮ್ಮ ಕೈಯಲ್ಲಿಲ್ಲ.

ಮೆಗಾಸ್ಕ್ವರ್ಟ್, ಸ್ಪೀಡುಯಿನೊದಂಥ ಅಗ್ಗದ ಇಸಿಯು ಪೆಟ್ಟಿಗೆ ಏಕೆ ಬೇಡ ಎಂದು ಮಣ್ಣಿನ ಹಾದಿಯ ಆಟೋಕ್ರಾಸ್ ರೇಸಿನ ಹುಡುಗರು ಕೇಳುತ್ತಾರೆ. ಅವುಗಳ ಬಗ್ಗೆ ನಮಗೆ ಗೌರವವಿದೆ, ನಾವು ಈ ವಿದ್ಯೆ ಕಲಿತದ್ದೇ ಅವುಗಳಿಂದ. ಲ್ಯಾಪ್‌ಟಾಪ್ ಹಿಡಿದು ತಾವೇ ತಿದ್ದಿಕೊಳ್ಳಬಲ್ಲವರ ಸ್ಪರ್ಧೆಯ ಗಾಡಿಗೆ ಮುಂದೆಯೂ ಹಾಕಿಕೊಡುತ್ತೇವೆ. ಆದರೆ ತೋಟದ ಗಾಡಿಯ ಇಸಿಯು ನೀರು ನುಗ್ಗದ ಪೆಟ್ಟಿಗೆಯಲ್ಲಿರಬೇಕು, ಬದಲಿ ಬೇಕೆಂದಾಗ ಸಿಗಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಹೊಸ ಎಂಜಿನ್ನುಗಳಿಗಂತೂ ಪೆಡಲಿನ ಎರಡೂ ಸೆನ್ಸರುಗಳನ್ನು ತಾಳೆ ನೋಡಿ, ಹೊಂದದಿದ್ದರೆ ಥ್ರಾಟಲ್ ಮುಚ್ಚುವ ಇಸಿಯುವೇ ಆಗಬೇಕು. ಇದರಲ್ಲಿ ಚೌಕಾಸಿಗೆ ಬರಬೇಡಿ.

ಟ್ಯೂನಿಂಗ್ ಫೈಲಿಗೆ ನಾವು ಪಾಸ್‌ವರ್ಡ್ ಹಾಕುವುದಿಲ್ಲ. ಹಣ ಕೊಟ್ಟವರು ನೀವು, ಫೈಲ್ ನಿಮ್ಮದು. ಪೆನ್‌ಡ್ರೈವಿನಲ್ಲಿ ನಕ್ಷೆಯ ಜೊತೆಗೇ ಕೊಡುತ್ತೇವೆ, ಒಂದು ಪ್ರತಿ ನಮ್ಮಲ್ಲೂ ಇರುತ್ತದೆ. ರಸ್ತೆಗೆ ಇಳಿಸುವ ಗಾಡಿಗೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಎಂಜಿನ್ ಎನ್ನುವ ನಮ್ಮ ನಿಯಮ ನಿಮಗೆ ಗೊತ್ತೇ ಇದೆ, ಅದು ಬದಲಾಗಿಲ್ಲ.

ಹಿಂದೆ ನಾವೇ ಗುಜರಿ ಇಸಿಯು ಹಾಕಿಕೊಟ್ಟ ಗಾಡಿಗಳನ್ನು ಕೈಬಿಡುವುದಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ ತನ್ನಿ. ಕನೆಕ್ಟರ್ ಬಿಚ್ಚಿ, ಒಣಗಿಸಿ, ಅರ್ತ್ ಬೋಲ್ಟುಗಳನ್ನು ಉಜ್ಜಿ ಬಿಗಿದು ಕೊಡುತ್ತೇವೆ, ಅದಕ್ಕೆ ದುಡ್ಡು ಬೇಡ. ಹೊಸ ಪದ್ಧತಿಗೆ ಬದಲಾಯಿಸಿಕೊಳ್ಳುವುದಾದರೆ ಹಳೆಯ ಕೂಲಿಯ ಅರ್ಧವನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಒಂದು ಇಸಿಯು ಯಾವಾಗಲೂ ಶೆಡ್ಡಿನಲ್ಲಿ ಬದಲಿಯಾಗಿ ಇರುತ್ತದೆ. ನಿಮ್ಮದು ಕೈಕೊಟ್ಟರೆ ನಿಮ್ಮ ಫೈಲನ್ನು ಅದಕ್ಕೆ ತುಂಬಿ ಗಾಡಿ ಓಡುವಂತೆ ಮಾಡಿ, ರಿಪೇರಿಯ ಮಾತು ಆಮೇಲೆ ಆಡೋಣ. ಫೋನ್ ನಂಬರ್ ಎಂದಿನದೇ. ರಾತ್ರಿಯಾದರೂ ಸರಿ, ಘಾಟಿಯಲ್ಲಿ ನಿಂತಿದ್ದರೆ ಸಂಕೋಚಪಡದೆ ಫೋನ್ ಮಾಡಿ. ಹೊಸ ದರದ ಪಟ್ಟಿ ಸೋಮವಾರದಿಂದ ಶೆಡ್ಡಿನಲ್ಲಿ ಸಿಗುತ್ತದೆ, ಬೇಕಾದವರಿಗೆ ವಾಟ್ಸಾಪಿನಲ್ಲೂ ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಶೆಡ್ಡಿನ ಎಲ್ಲರ ಪರವಾಗಿ