ಕೊಳವೆಯೊಳಗಿನ ಅನಿಲವೇ ಮಾಪಕದೊಳಗೂ ಇರಲಿ

ಚಿ. ರಶ್ಮಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅನಿಲ ಕೊಳವೆ ಮಾರ್ಗದ ಸಾಂದ್ರತಾ ಮಾಪಕಗಳನ್ನು ಕೂರಿಸುವ ಮತ್ತು ನೋಡಿಕೊಳ್ಳುವ ಹೊಣೆ ನಿನಗೆ ಬಂದಿದೆ ಎಂದು ಓದಿ ಬಹಳ ಸಂತೋಷವಾಯಿತು. ಅದರ ಜೊತೆಯಲ್ಲೇ, ಒಂದು ಮಾಪಕ ದಿನವೂ ಸ್ವಲ್ಪ ಹೆಚ್ಚು ತೋರಿಸುತ್ತಿದೆ, ಅದರ ಗುಣಾಂಕವನ್ನು (ಮಾಪಕದ ಓದನ್ನು ಸಾಂದ್ರತೆಗೆ ಬದಲಿಸುವ ಅಂಕಿಯನ್ನು) ಸರಿಹೊಂದಿಸಿಬಿಡು ಎಂದು ಜೊತೆಯವರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಗುಣಾಂಕವನ್ನು ಮುಟ್ಟಬೇಡ. ಕಾರಣ ಹೇಳಲು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು. ನಿನಗೆ ಗೊತ್ತಿರುವುದೂ ನಡುವೆ ಬಂದೀತು, ಬೇಸರಿಸಬೇಡ.

ಹರಿಯುವ ಅನಿಲವನ್ನು ಅಳೆಯಲು ಕೊಳವೆಗೆ ಅಡ್ಡಲಾಗಿ ಕೂರಿಸುವ, ನಡುವೆ ರಂಧ್ರವಿರುವ ತಟ್ಟೆಯೇ ಆರಿಫಿಸ್ ಪ್ಲೇಟ್. ಅದರ ಮೂಲಕ ಹರಿಯುವ ಅನಿಲದ ದ್ರವ್ಯರಾಶಿಯು ಪ್ಲೇಟಿನ ಎರಡು ಬದಿಗಳ ಒತ್ತಡದ ವ್ಯತ್ಯಾಸ ಮತ್ತು ಸಾಂದ್ರತೆ ಇವೆರಡರ ಗುಣಲಬ್ಧದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಸಾಂದ್ರತೆಯಲ್ಲಿ ಶೇ. 1ರಷ್ಟು ತಪ್ಪಾದರೆ ಲೆಕ್ಕದಲ್ಲಿ ಸುಮಾರು ಶೇ. 0.5ರಷ್ಟು ತಪ್ಪಾಗುತ್ತದೆ. ಅರ್ಧ ತಾನೇ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ದೊಡ್ಡ ಮಾರ್ಗದಲ್ಲಿ ಹಗಲು ರಾತ್ರಿ ಹರಿಯುವ ಅನಿಲಕ್ಕೆ ಆ ಅರ್ಧವನ್ನು ಅನ್ವಯಿಸಿ ನೋಡು. ಮಾರುವವರೋ ಕೊಳ್ಳುವವರೋ, ಇಬ್ಬರಲ್ಲಿ ಒಬ್ಬರಿಗೆ ತಿಂಗಳಾನುಗಟ್ಟಲೆ ಗೊತ್ತೇ ಆಗದಂತೆ ಅನ್ಯಾಯವಾಗುತ್ತಿರುತ್ತದೆ. ನಿನ್ನ ಕೆಲಸದ ಬೆಲೆ ಇರುವುದು ಇಲ್ಲಿ.

ಮಾಪಕದ ಒಳಗಿರುವುದು ತೆಳು ಗೋಡೆಯ ಒಂದು ಲೋಹದ ಸಿಲಿಂಡರು. ವಿದ್ಯುತ್ ಸುರುಳಿಯೊಂದು ಅದನ್ನು ತನ್ನ ಸ್ವಾಭಾವಿಕ ಆವರ್ತನದಲ್ಲಿ ಕಂಪಿಸುತ್ತಿರುವಂತೆ ನೋಡಿಕೊಳ್ಳುತ್ತದೆ, ಇನ್ನೊಂದು ಆ ಕಂಪನವನ್ನು ಗ್ರಹಿಸುತ್ತದೆ. ಗೋಡೆಯ ಎರಡೂ ಬದಿಯಲ್ಲಿರುವ ಅನಿಲ ಗೋಡೆಯೊಂದಿಗೆ ತಾನೂ ಅಲುಗಬೇಕಾಗುತ್ತದೆ. ಅನಿಲ ದಟ್ಟವಾದಷ್ಟೂ ಕಂಪನ ನಿಧಾನವಾಗಿ, ಒಂದು ಕಂಪನಕ್ಕೆ ತಗಲುವ ಅವಧಿ ಹೆಚ್ಚುತ್ತದೆ. ಆ ಅವಧಿಯನ್ನು ಮೈಕ್ರೊಸೆಕೆಂಡುಗಳಲ್ಲಿ ಅಳೆದು, ಪ್ರಮಾಣಪತ್ರದಲ್ಲಿ ಕೊಟ್ಟಿರುವ ಗುಣಾಂಕಗಳ ಮೂಲಕ ಫ್ಲೋ ಕಂಪ್ಯೂಟರ್ (ಹರಿವಿನ ಲೆಕ್ಕ ಇಡುವ ಕಂಪ್ಯೂಟರ್) ಸಾಂದ್ರತೆಯನ್ನು ಲೆಕ್ಕಹಾಕುತ್ತದೆ. ಬಹಳ ಪ್ರಾಮಾಣಿಕ ಉಪಕರಣ ಅದು. ಆದರೆ ತನ್ನ ಹೊಟ್ಟೆಯೊಳಗಿರುವ ಅನಿಲದ ಬಗ್ಗೆ ಮಾತ್ರ ಅದು ಸತ್ಯ ಹೇಳುತ್ತದೆ. ಕೊಳವೆಯಲ್ಲಿ ಏನು ಹರಿಯುತ್ತಿದೆ ಎಂಬುದು ಅದಕ್ಕೆ ತಿಳಿಯದು. ಒಳಗಿನ ಅನಿಲವೂ ಕೊಳವೆಯ ಅನಿಲವೂ ಉಷ್ಣಾಂಶ, ಒತ್ತಡ, ಸಂಯೋಜನೆ ಮೂರರಲ್ಲೂ ಒಂದೇ ಆಗಿರುವಂತೆ ಮಾಡುವುದು ನಿನ್ನ ಕೆಲಸ. ನಾನು ಮುಂದೆ ಬರೆಯುವುದೆಲ್ಲ ಇದೊಂದರಿಂದಲೇ ಹುಟ್ಟಿದ್ದು.

ಮೂರರಲ್ಲಿ ಹೆಚ್ಚು ಕಾಡುವುದು ಉಷ್ಣಾಂಶ. 60 ಬಾರ್ ಒತ್ತಡದಲ್ಲಿ ನೈಸರ್ಗಿಕ ಅನಿಲದ ಸಾಂದ್ರತೆ ಘನ ಮೀಟರಿಗೆ ಸುಮಾರು 50 ಕಿಲೋಗ್ರಾಂ ಇರುತ್ತದೆ. ಆ ಸ್ಥಿತಿಯಲ್ಲಿ ಮಾಪಕದೊಳಗಿನ ಅನಿಲ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 0.5ರಷ್ಟು ಕಡಿಮೆ ಕಾಣುತ್ತದೆ. ಮಾಪಕದ ನಿಖರತೆಯನ್ನು ಶೇ. 0.1ರ ಲೆಕ್ಕದಲ್ಲಿ ಮೆಚ್ಚಿ ಕೊಂಡವರು, ಅದರ ತಲೆಯನ್ನು ಬಿಸಿಲಿಗೆ ಒಡ್ಡಿ ಐದು ಪಟ್ಟು ತಪ್ಪನ್ನು ತಾವೇ ತಂದುಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಾಪಕವನ್ನು ಕೊಳವೆಯೊಳಕ್ಕೆ ಇಳಿಬಿಟ್ಟ, ತುದಿ ಮುಚ್ಚಿದ ಲೋಹದ ಗೂಡಾದ ಪಾಕೆಟ್ಟಿನಲ್ಲಿ ಕೂರಿಸುವುದು ಈ ಕಾರಣಕ್ಕೇ. ಹರಿಯುವ ಅನಿಲವೇ ಪಾಕೆಟ್ಟಿನ ಗೋಡೆಯ ಮೂಲಕ ಮಾಪಕವನ್ನು ತನ್ನ ಉಷ್ಣಾಂಶಕ್ಕೆ ತಂದುಕೊಳ್ಳುತ್ತದೆ. ಪಾಕೆಟ್ ಹಾಕಿದ ಮೇಲೆ ಹೊರಗಿನ ನಿರೋಧಕ ಹೊದಿಕೆಯಲ್ಲಿ ಜಿಪುಣತನ ಮಾಡಬೇಡ. ಮಾಪಕದ ಮೇಲ್ಭಾಗ, ಸ್ಯಾಂಪಲ್ ನಳಿಕೆಗಳು, ಎರಡೂ ಕಡೆ ಸಾಕಷ್ಟು ದೂರದವರೆಗೆ ಕೊಳವೆ, ಎಲ್ಲವೂ ಹೊದಿಕೆಯೊಳಗೆ ಬರಬೇಕು. ನಳಿಕೆಗಳು ಗಿಡ್ಡವಾಗಿದ್ದು ಕೊಳವೆಗೆ ಅಂಟಿಕೊಂಡು ಸಾಗಲಿ. ರಿಪೇರಿಗೆಂದು ಹೊದಿಕೆ ಬಿಚ್ಚಿದವರು ಅದನ್ನು ಮತ್ತೆ ಕಟ್ಟದೆ ಹೋಗುವುದು ತೀರಾ ಸಾಮಾನ್ಯ. ಪ್ರತಿ ಭೇಟಿಯಲ್ಲೂ ನಿನ್ನ ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ಹೊದಿಕೆ ಸಾಕೇ ಸಾಲದೇ ಎಂದು ತಿಳಿಯಲು ಸುಲಭವಾದ ದಾರಿಯಿದೆ. ಮಾಪಕದೊಳಗಿನ ಉಷ್ಣಾಂಶ ಸಂವೇದಕದ ಓದನ್ನೂ ಕೊಳವೆಯ ಉಷ್ಣಾಂಶದ ಓದನ್ನೂ ಒಂದು ಇಡೀ ಹಗಲು ರಾತ್ರಿ ಒಂದೇ ನಕ್ಷೆಯಲ್ಲಿ ಹಾಕು. ಮಧ್ಯಾಹ್ನ ಎರಡು ಗೆರೆಗಳು ದೂರವಾಗಿ ರಾತ್ರಿ ಮತ್ತೆ ಹತ್ತಿರ ಬರುತ್ತಿದ್ದರೆ ದೋಷ ಮಾಪಕದ್ದಲ್ಲ, ಹೊದಿಕೆಯದ್ದು.

ಇನ್ನು ಒತ್ತಡ. ಆರಿಫಿಸ್ ಮೀಟರಿನ ಜೊತೆ ಸಾಮಾನ್ಯವಾಗಿ ಬಳಸುವ ವ್ಯವಸ್ಥೆಯಲ್ಲಿ, ಪ್ಲೇಟನ್ನು ದಾಟಿ ಒತ್ತಡ ಮತ್ತೆ ಚೇತರಿಸಿಕೊಂಡಿರುವ ಜಾಗದಿಂದ ಅನಿಲವನ್ನು ತೆಗೆದು, ಮಾಪಕದ ಮೂಲಕ ಹಾಯಿಸಿ, ಪ್ಲೇಟಿನ ಬೆನ್ನ ಹಿಂದಿನ ಕಡಿಮೆ ಒತ್ತಡದ ಟ್ಯಾಪಿಂಗಿಗೆ, ಅಂದರೆ ಒತ್ತಡ ಅಳೆಯಲು ಕೊರೆದ ರಂಧ್ರಕ್ಕೆ, ಮರಳಿಸುತ್ತಾರೆ. ಆ ಸಣ್ಣ ಒತ್ತಡ ವ್ಯತ್ಯಾಸವೇ ಅನಿಲವನ್ನು ನಡೆಸುತ್ತದೆ, ಹೊರಗೆ ಒಂದಿಷ್ಟೂ ಬಿಡಬೇಕಾಗಿಲ್ಲ. ಇಲ್ಲಿ ಹರಿವನ್ನು ಒಳಬರುವ ಕಡೆಯ ವಾಲ್ವಿನಲ್ಲೇ ನಿಯಂತ್ರಿಸಬೇಕು, ಹೊರಹೋಗುವ ವಾಲ್ವ್ ಪೂರ್ತಿ ತೆರೆದಿರಬೇಕು. ಆಗ ಮಾಪಕದೊಳಗಿನ ಒತ್ತಡವೂ ಕೆಳಹರಿವಿನ ಟ್ಯಾಪಿಂಗಿನ ಒತ್ತಡವೂ ಒಂದೇ ಆಗುತ್ತದೆ. ಫ್ಲೋ ಕಂಪ್ಯೂಟರಿನಲ್ಲಿ, ಪ್ಲೇಟನ್ನು ದಾಟುವಾಗ ಅನಿಲ ಹಿಗ್ಗುವುದನ್ನು ಲೆಕ್ಕಕ್ಕೆ ತರುವ ವಿಸ್ತರಣಾ ಗುಣಾಂಕವನ್ನು ಅದೇ ಸ್ಥಿತಿಗೆ ಹೊಂದುವಂತೆ ಆರಿಸಿದ್ದಾರೆಯೇ ಎಂದು ನೋಡು. ವಾಲ್ವುಗಳನ್ನು ಅದಲುಬದಲು ಮಾಡಿದರೆ ಯಾವ ಅಲಾರಂ ಕೂಡ ಹೊಡೆಯುವುದಿಲ್ಲ, ಲೆಕ್ಕ ಮಾತ್ರ ಜಾರುತ್ತಿರುತ್ತದೆ. ಎರಡು ವಾಲ್ವುಗಳಿಗೂ ಕೆಲಸ ಬರೆದ ಫಲಕ ತೂಗುಹಾಕು.

ಹರಿವಿನ ಪ್ರಮಾಣವನ್ನು ತಯಾರಕರು ಹೇಳಿದಷ್ಟಕ್ಕೇ ಇಡು. ಬೇಗ ಉತ್ತರ ಬರಲಿ ಎಂದು ಹೆಚ್ಚಿಸಿದರೆ ಅನಿಲ ಕೊಳವೆಯ ಉಷ್ಣಾಂಶಕ್ಕೆ ಹೊಂದಿಕೊಳ್ಳುವ ಮೊದಲೇ ಸಿಲಿಂಡರನ್ನು ದಾಟಿಬಿಡುತ್ತದೆ. ತೀರಾ ಕಡಿಮೆ ಮಾಡಿದರೆ ಕೊಳವೆಯಲ್ಲಿ ಅನಿಲದ ಸಂಯೋಜನೆ ಬದಲಾದರೂ ಮಾಪಕದೊಳಗೆ ಹಳೆಯದೇ ಉಳಿದಿರುತ್ತದೆ. ನೈಸರ್ಗಿಕ ಅನಿಲದ ಒತ್ತಡ ಒಂದು ಬಾರ್ ಇಳಿದರೆ ಅದು ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತದೆ ಎಂಬುದೂ ನೆನಪಿರಲಿ. ಒತ್ತಡ ತಗ್ಗಿಸುವ ವಾಲ್ವಿನ ಸಮೀಪ ಮಾಪಕವನ್ನು ಕೂರಿಸಬಾರದು. ಅಲ್ಲಿ ಚಳಿಯೂ ಹೌದು, ಸದ್ದೂ ಹೌದು, ಕಂಪನವನ್ನೇ ನಂಬಿದ ಉಪಕರಣಕ್ಕೆ ಎರಡೂ ಆಗದು. ಕೊಳವೆಯ ಕೆಳಭಾಗವೂ ಬೇಡ, ದ್ರವ ಸೇರುವುದು ಅಲ್ಲೇ. ಪಾಕೆಟ್ ಹರಿವಿಗೆ ಅಡ್ಡ ನಿಲ್ಲುವ ವಸ್ತುವಾದ್ದರಿಂದ ಪ್ಲೇಟಿನ ಮೇಲ್ಹರಿವಿನಲ್ಲಿ (ಅನಿಲ ಬರುವ ಕಡೆ) ಅದಕ್ಕೆ ಜಾಗ ಹುಡುಕಬೇಡ. ಪ್ಲೇಟಿನ ಮುಂದೆ ಎಷ್ಟು ನೇರ ಕೊಳವೆ ಬೇಕೆಂದು ಐಎಸ್‌ಒ 5167 ಎಂಬ ಅಂತರರಾಷ್ಟ್ರೀಯ ಮಾನದಂಡ ವಿವರವಾಗಿ ಹೇಳುತ್ತದೆ. ಸಾಂದ್ರತೆಯನ್ನು ಅಳೆಯುವ ವಿಧಾನಗಳಿಗೆ ಐಎಸ್‌ಒ 15970 ಇದೆ. ಎರಡನ್ನೂ ನಿನ್ನ ಮೇಜಿನ ಮೇಲೆ ಇಟ್ಟುಕೋ.

ವಿದ್ಯುತ್ ಜೋಡಣೆಯ ಬಗ್ಗೆ ನಿನಗೆ ನಾನು ಹೇಳಬೇಕಾದದ್ದು ಕಡಿಮೆ. ಕೇಬಲ್ಲಿನ ಕವಚವನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡು, ವಿದ್ಯುತ್ ಪೂರೈಕೆಯ ಕೇಬಲ್ಲುಗಳ ಪಕ್ಕದಲ್ಲಿ ಎಳೆಯಬೇಡ, ಅನಿಲವಿರುವ ಜಾಗಕ್ಕೆ ಕಿಡಿ ಹುಟ್ಟಿಸುವಷ್ಟು ವಿದ್ಯುತ್ ಹೋಗದಂತೆ ತಡೆಯುವ ಸುರಕ್ಷತಾ ಬ್ಯಾರಿಯರನ್ನು ಬದಲಿಸುವಾಗ ಪ್ರಮಾಣೀಕರಿಸಿದ ಮಾದರಿಯನ್ನೇ ಹಾಕು. ಗುಣಾಂಕಗಳನ್ನು ಕಂಪ್ಯೂಟರಿಗೆ ತುಂಬಿಸುವ ಹಂತದಲ್ಲಿ ಮಾತ್ರ ಆತುರ ಬೇಡ. ಒಂದು ಋಣ ಚಿಹ್ನೆ, ಒಂದು ಘಾತ ತಪ್ಪಿದರೆ ಉಳಿದ ಶ್ರಮವೆಲ್ಲ ನೀರುಪಾಲು. ಪ್ರಮಾಣಪತ್ರದಲ್ಲಿ ಯಾವ ಅವಧಿಗೆ ಯಾವ ಸಾಂದ್ರತೆ ಎಂದು ಕೊಟ್ಟಿರುತ್ತಾರೆ, ಅದೇ ಅವಧಿಯನ್ನು ಕಂಪ್ಯೂಟರಿಗೆ ಕೊಟ್ಟು ಅದೇ ಉತ್ತರ ಬರುತ್ತದೆಯೇ ಎಂದು ನೋಡಿದ ಮೇಲಷ್ಟೇ ಸಹಿ ಹಾಕು. ಮಾಪಕವನ್ನು ಯಾವ ಅನಿಲದಲ್ಲಿ ಕ್ಯಾಲಿಬ್ರೇಟ್ ಮಾಡಿದ್ದಾರೆ (ಗೊತ್ತಿರುವ ಸಾಂದ್ರತೆಗೆ ಹೋಲಿಸಿ ಗುಣಾಂಕ ನಿಗದಿಪಡಿಸಿದ್ದಾರೆ) ಎಂಬುದನ್ನೂ ಓದು. ನೈಟ್ರೋಜನ್‌ನಲ್ಲಿ ಮಾಡಿದ್ದರೆ, ಮೀಥೇನ್‌ನಲ್ಲಿ ಶಬ್ದದ ವೇಗ ಬೇರೆಯಾದ್ದರಿಂದ ಅದಕ್ಕೊಂದು ತಿದ್ದುಪಡಿ ಇರುತ್ತದೆ. ಅದನ್ನು ಬಿಟ್ಟುಬಿಟ್ಟಿರುವ ನಿಲ್ದಾಣಗಳನ್ನು ನಾನು ನೋಡಿದ್ದೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೆಚ್ಚು ತೋರಿಸುವ ಮಾಪಕದಲ್ಲಿ ನಾನು ಮೊದಲು ಶಂಕಿಸುವುದು ಕೊಳೆಯನ್ನು. ಕಂಪ್ರೆಸರಿನಿಂದ ಎಣ್ಣೆ ಬರುತ್ತದೆ, ಅನಿಲವನ್ನು ಒಣಗಿಸುವ ಘಟಕದಿಂದ ನೀರು ಹೀರುವ ದ್ರವವಾದ ಗ್ಲೈಕಾಲ್ ಬರುತ್ತದೆ, ಕೊಳವೆಯ ಗೋಡೆಯಿಂದಲೇ ಕಬ್ಬಿಣದ ಆಕ್ಸೈಡ್ ಮತ್ತು ಸಲ್ಫೈಡ್‌ಗಳ ಕಪ್ಪು ಪುಡಿ ಬರುತ್ತದೆ. ಇವುಗಳ ತೆಳು ಪದರ ಸಿಲಿಂಡರಿಗೆ ಹತ್ತಿದರೂ ಅದರ ದ್ರವ್ಯರಾಶಿ ಹೆಚ್ಚಿ ಕಂಪನ ನಿಧಾನವಾಗುತ್ತದೆ, ಮಾಪಕ ಅದನ್ನು ಅನಿಲದ ದಟ್ಟಣೆ ಎಂದೇ ತಿಳಿಯುತ್ತದೆ. ಗುಣಾಂಕ ತಿದ್ದಿದರೆ ಆ ಕೊಳೆಯನ್ನೇ ಲೆಕ್ಕದೊಳಗೆ ಸೇರಿಸಿಕೊಂಡಂತೆ. ನಾಳೆ ಪದರ ಇನ್ನಷ್ಟು ದಪ್ಪವಾಗುತ್ತದೆ, ಇಲ್ಲವೇ ಉದುರುತ್ತದೆ. ಆಗ ನಿನ್ನ ಬಳಿ ನಂಬುವಂಥ ಒಂದು ಅಂಕಿಯೂ ಉಳಿದಿರುವುದಿಲ್ಲ.

ಖಚಿತಪಡಿಸಿಕೊಳ್ಳಲು ನಿರ್ವಾತ ಪರೀಕ್ಷೆ ಮಾಡು. ಕ್ಷೇತ್ರದಲ್ಲಿ ನಮಗಿರುವ ಪರೀಕ್ಷೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಮಾಪಕವನ್ನು ಮಾರ್ಗದಿಂದ ಬೇರ್ಪಡಿಸಿ, ಒತ್ತಡವನ್ನು ನಿಧಾನವಾಗಿ ಇಳಿಸಿ, ಪಂಪಿನಿಂದ ಒಳಗಿನದನ್ನೆಲ್ಲ ಎಳೆದುಹಾಕಿದಾಗ ಸಿಲಿಂಡರಿನ ಸುತ್ತ ಏನೂ ಉಳಿಯುವುದಿಲ್ಲ. ಆಗ ಬರುವ ಅವಧಿಯನ್ನು ಉಷ್ಣಾಂಶಕ್ಕೆ ತಕ್ಕಂತೆ ಸರಿಪಡಿಸಿ ಪ್ರಮಾಣಪತ್ರದ ನಿರ್ವಾತ ಅವಧಿಯೊಂದಿಗೆ ಹೋಲಿಸು. ಬಹಳ ದುಬಾರಿ ಪಂಪ್ ಬೇಕಿಲ್ಲ. ಒಂದು ಮಿಲಿಬಾರಿನಷ್ಟು ಗಾಳಿ ಉಳಿದರೂ ಅದರ ಸಾಂದ್ರತೆ ಘನ ಮೀಟರಿಗೆ ಬರೀ 1.2 ಗ್ರಾಂ ಆಸುಪಾಸು. ಆದರೆ ಪಂಪ್ ಮಾಡುತ್ತಲೇ ಅವಧಿ ಸ್ಥಿರವಾಗುವವರೆಗೆ ಕಾಯಬೇಕು. ಸಿಲಿಂಡರಿಗೆ ಎಣ್ಣೆ ಹತ್ತಿದ್ದರೆ ಅದು ಆವಿಯಾಗುತ್ತ ಅವಧಿ ಮೆಲ್ಲಗೆ ಜಾರುತ್ತಲೇ ಇರುತ್ತದೆ, ಅದೇ ಒಂದು ಸುಳಿವು. ಅವಧಿ ಪ್ರಮಾಣಪತ್ರದ್ದಕ್ಕಿಂತ ಹೆಚ್ಚಿದ್ದರೆ ಬಹುಮಟ್ಟಿಗೆ ಕೊಳೆಯೇ ಕಾರಣ. ಶುಚಿ ಮಾಡಿದ ಮೇಲೂ ಹೊಂದದಿದ್ದರೆ ತುಕ್ಕೋ ಪೆಟ್ಟೋ ಗೋಡೆಯನ್ನು ಬದಲಿಸಿದೆ ಎಂದರ್ಥ, ಅದನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಗಾಳಿಯಲ್ಲಿ ಇಟ್ಟು ನೋಡುವ ಪರೀಕ್ಷೆಯನ್ನೂ ಕೆಲವರು ಮಾಡುತ್ತಾರೆ. ಮಾಪಕ ಬದುಕಿದೆಯೇ ಎಂದು ತಿಳಿಯಲು ಅದು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡ.

ಸಿಲಿಂಡರನ್ನು ತೊಳೆಯುವಾಗ ಕಾಗದದ ಹಾಳೆಯನ್ನು ಹಿಡಿದಂತೆ ಹಗುರವಾಗಿ ಹಿಡಿ. ದಪ್ಪ ತುದಿಯನ್ನು ಮಾತ್ರ ಮುಟ್ಟು, ತಯಾರಕರು ಒಪ್ಪಿದ ದ್ರಾವಕವನ್ನೇ ಬಳಸು, ಉಜ್ಜಬೇಡ, ಪೂರ್ತಿ ಒಣಗಲು ಬಿಡು. ಒಂದು ಮಾಪಕದ ಸಿಲಿಂಡರನ್ನು ಇನ್ನೊಂದಕ್ಕೆ ಹಾಕಬಾರದು. ಸಿಲಿಂಡರೂ ಅದರ ಕ್ಯಾಲಿಬ್ರೇಷನ್ನೂ ಒಟ್ಟಿಗೇ ಇರಬೇಕಾದವು. ಕೊಳೆ ಒಳಗೆ ಹೋಗದಂತೆ ತಡೆಯುವ ಫಿಲ್ಟರುಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂದು ಕೇಳಿದ್ದೀಯ. ಅದನ್ನು ನಿನ್ನ ಅನಿಲವೇ ಹೇಳಬೇಕು. ಮೊದಮೊದಲು ಬೇಗಬೇಗ ತೆರೆದು ನೋಡು, ಶುಚಿಯಾಗಿಯೇ ಇದ್ದರೆ ಅಂತರ ಹೆಚ್ಚಿಸು. ಮಾರ್ಗದಲ್ಲಿ ಪಿಗ್ (ಕೊಳವೆಯೊಳಗೆ ಸಾಗುತ್ತ ಅದನ್ನು ಶುಚಿ ಮಾಡುವ ಸಾಧನ) ಓಡಿಸಿದ ಮೇಲೆ ಮಾತ್ರ ವೇಳಾಪಟ್ಟಿಗೆ ಕಾಯದೆ ನೋಡು.

ಏನನ್ನೇ ತೊಳೆಯುವ, ಬದಲಿಸುವ ಮೊದಲು ಅದು ಇದ್ದ ಸ್ಥಿತಿಯಲ್ಲಿನ ಅಂಕಿಗಳನ್ನು ಬರೆದುಕೋ. ಅವಧಿ, ಉಷ್ಣಾಂಶ, ಒತ್ತಡ, ಫಿಲ್ಟರಿನ ಬಣ್ಣ ಎಲ್ಲವನ್ನೂ. ಶುಚಿ ಮಾಡಿದ ನಂತರದ ಅಂಕಿಗಳನ್ನಷ್ಟೇ ಬರೆಯುವ ರೂಢಿ ಹಲವೆಡೆ ಇದೆ, ನೋಡಲು ಅಂದವಾಗಿರುತ್ತವೆ. ಆದರೆ ಎಷ್ಟು ದಿನ ಎಷ್ಟು ತಪ್ಪು ಲೆಕ್ಕ ಹೋಗಿದೆ ಎಂದು ಹೇಳಬಲ್ಲದ್ದು ಮೊದಲಿನ ಅಂಕಿ ಮಾತ್ರ. ಅದು ನಿನ್ನ ಸಂಸ್ಥೆಗೆ ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಬರೆದಿಡು. ಮೇಲಿನವರು ಮುನಿಸಿಕೊಂಡರೂ ನೀನು ಇದರಲ್ಲಿ ಸಡಿಲವಾಗಬಾರದು ಎಂಬುದು ನನ್ನ ಆಸೆ.

ಒಂದೇ ನಳಿಕೆಯಲ್ಲಿ ಎರಡು ಮಾಪಕಗಳಿದ್ದು ಎರಡೂ ಒಂದೇ ಉತ್ತರ ಕೊಡುತ್ತಿವೆ ಎಂದು ನಿಶ್ಚಿಂತಳಾಗಬೇಡ. ಫಿಲ್ಟರ್ ಒಂದೇ, ಹೊದಿಕೆ ಒಂದೇ ಆಗಿದ್ದರೆ ಎರಡೂ ಒಂದೇ ತಪ್ಪನ್ನು ಹೇಳಬಹುದು. ನಿಮ್ಮಲ್ಲಿ ಅನಿಲದ ಸಂಯೋಜನೆಯನ್ನು ಬಿಡಿಸಿ ಹೇಳುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇದೆಯಲ್ಲ, ಅದು ಕೊಡುವ ಸಂಯೋಜನೆಗೆ ಒತ್ತಡ, ಉಷ್ಣಾಂಶಗಳನ್ನು ಸೇರಿಸಿ ಎಜಿಎ 8ರ (ಅಮೆರಿಕನ್ ಗ್ಯಾಸ್ ಅಸೋಸಿಯೇಷನ್ನಿನ 8ನೇ ವರದಿಯ) ಸಮೀಕರಣದಿಂದ ಸಾಂದ್ರತೆಯನ್ನು ಲೆಕ್ಕಹಾಕಿಸು. ಬೇರೆ ದಾರಿಯಿಂದ ಬಂದ ಆ ಸಾಕ್ಷಿಯನ್ನು ಮಾಪಕದ ಓದಿನೊಂದಿಗೆ ಸದಾ ಹೋಲಿಸುತ್ತಿದ್ದರೆ, ಅಂತರ ಬೆಳೆಯಲಾರಂಭಿಸಿದ ದಿನವೇ ನಿನಗೆ ತಿಳಿಯುತ್ತದೆ.

ಸುರಕ್ಷತೆಯ ತರಬೇತಿ ನಿನಗೆ ಆಗಿದೆ, ಆದರೂ ದೊಡ್ಡಪ್ಪನ ಜೀವ ಕೇಳದು. ಪರ್ಮಿಟ್ ಇಲ್ಲದೆ ಒಂದು ನಟ್ಟನ್ನೂ ಸಡಿಲಿಸಬೇಡ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ, ದೊಡ್ಡ ಸಾಗಣೆ ಮಾರ್ಗಗಳಲ್ಲಿ ಎಷ್ಟೋ ಕಡೆ ಅನಿಲಕ್ಕೆ ವಾಸನೆ ಬೆರೆಸಿರುವುದಿಲ್ಲ. ಮೂಗನ್ನಲ್ಲ, ಡಿಟೆಕ್ಟರನ್ನು ನಂಬು. ಒತ್ತಡವನ್ನು ಒಮ್ಮೆಲೇ ಬಿಡುಗಡೆ ಮಾಡಿದರೆ ಸಂದು ಮುಚ್ಚುವ ಓ-ರಿಂಗುಗಳ ರಬ್ಬರಿನೊಳಗೆ ಸೇರಿದ್ದ ಅನಿಲ ಉಬ್ಬಿ ಅವು ಸೀಳುತ್ತವೆ, ಮತ್ತೆ ಒತ್ತಡ ಏರಿಸಿದಾಗ ಸೋರಿಕೆ ಅಲ್ಲಿಂದಲೇ. ಗೇಜ್ ಸೊನ್ನೆ ತೋರಿಸಿದರೂ ಉಳಿದ ಅನಿಲವನ್ನು ಹೊರಬಿಡುವ ಬ್ಲೀಡ್ ವಾಲ್ವ್ ತೆರೆದು ನೋಡದೆ ಮಾಪಕವನ್ನು ಹೊರತೆಗೆಯಬೇಡ. ಒಬ್ಬಳೇ ಹೋಗಬೇಡ.

ನಿರ್ವಾತ ಪರೀಕ್ಷೆ ಮಾಡಿದ ಮೇಲೆ ಬಂದ ಅವಧಿ, ಆಗಿನ ಉಷ್ಣಾಂಶ, ಪ್ರಮಾಣಪತ್ರದ ಪ್ರತಿ, ಹಗಲು ರಾತ್ರಿಯ ಉಷ್ಣಾಂಶದ ನಕ್ಷೆ, ಇಷ್ಟನ್ನು ನನಗೆ ಕಳಿಸು. ಫಿಲ್ಟರಿನ ಫೋಟೊ ತೆಗೆದರೆ ಅದನ್ನೂ ಸೇರಿಸು. ಕೊಳೆ ಎಣ್ಣೆಯದೋ ಪುಡಿಯದೋ ಎಂದು ತಿಳಿದರೆ, ಮೇಲ್ಹರಿವಿನಲ್ಲಿ ಯಾರನ್ನು ಕೇಳಬೇಕು ಎಂಬುದನ್ನು ಇಬ್ಬರೂ ಕೂಡಿ ಯೋಚಿಸೋಣ.

ಇತಿ,
ನಿನ್ನ ದೊಡ್ಡಪ್ಪ