28 ಲಕ್ಷ ಟಿಕ್ ದಾಟಿದ ಖುಷಿಗೆ ಒಂದಷ್ಟು ಥ್ಯಾಂಕ್ಸ್

ನಿನ್ನೆ ರಾತ್ರಿ ಕ್ಯೂಎಮು (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರನ್ನು ನಕಲು ಮಾಡುವ ಸಾಫ್ಟ್‌ವೇರ್) ಓಡಿಸಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಪುಟ್ಟ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇನ್ನೂ ಎಣಿಸುತ್ತಾ ಕೂತಿತ್ತು. ಸೆಕೆಂಡಿಗೆ 100 ಟಿಕ್ (ಟೈಮರ್‌ನ ಬಡಿತ), ಎಂಟು ಗಂಟೆ. 28,80,000 ದಾಟಿ ಮುಂದೆ ಹೋಗಿತ್ತು. ಕಪ್ಪು ಪರದೆಯ ಮೇಲೆ ಒಂದು ಸಂಖ್ಯೆ, ಅಷ್ಟೇ. ಬೇರೆಯವರಿಗೆ ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ. ನಾನು ಮಾತ್ರ ಹಲ್ಲುಜ್ಜುವುದನ್ನೂ ಬಿಟ್ಟು ಅದರ ಮುಂದೆ ನಿಂತಿದ್ದೆ.

ಎರಡು ತಿಂಗಳು ಈ ಕರ್ನೆಲ್ ಒಂದು ನಿಮಿಷವೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಿದವನು ನಾನೊಬ್ಬನೇ ಅಲ್ಲ, ಅದಕ್ಕೇ ಈ ಬರಹ.

ಶುರುವಿನ ತಪ್ಪುಗಳು ಎಲ್ಲರೂ ಮಾಡುವಂಥವೇ. ಇಂಟರಪ್ಟ್ (ಕೈಯಲ್ಲಿರುವ ಕೆಲಸ ನಿಲ್ಲಿಸಿ ಇದನ್ನು ನೋಡು ಅಂತ ಪ್ರೊಸೆಸರ್‌ಗೆ ಬರುವ ಕರೆ) ಆನ್ ಮಾಡಿದ ಕೂಡಲೇ ಮೆಷಿನ್ ರೀಬೂಟ್ ಆಗುತ್ತಿತ್ತು. ಈ ಕರೆಗಳನ್ನು ಪ್ರೊಸೆಸರ್‌ಗೆ ತಲುಪಿಸುವ ಹಳೆಯ ಪಿಐಸಿ ಚಿಪ್, ಟೈಮರ್ ಇಂಟರಪ್ಟನ್ನು 8ನೇ ನಂಬರಿಗೆ ಕಳಿಸುತ್ತದೆ, ಪ್ರೊಸೆಸರ್ ಲೆಕ್ಕದಲ್ಲಿ 8 ಅಂದರೆ ಡಬಲ್ ಫಾಲ್ಟ್, ಒಂದು ತಪ್ಪು ನಿಭಾಯಿಸುವಾಗಲೇ ಇನ್ನೊಂದು ತಪ್ಪು. ಅದನ್ನು 32ಕ್ಕೆ ಸರಿಸಿದೆ, ಸರಿಹೋಯಿತು. ಆಮೇಲೆ ಒಂದೇ ಒಂದು ಟಿಕ್ ಬಂದು ನಿಂತುಬಿಟ್ಟಿತು. ಕೆಲಸ ಮುಗಿಯಿತು ಅಂತ ಚಿಪ್‌ಗೆ ತಿರುಗಿ ಹೇಳುವುದನ್ನೇ ಮರೆತಿದ್ದೆ. ಇವೆರಡೂ ಒಂದು ವಾರದ ಮಾತು.

ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಮೂರನೆಯದು. ಮೆಷಿನ್‌ಗೆ 128 ಎಂಬಿ ಮೆಮೊರಿ ಕೊಟ್ಟಿದ್ದೆ. 4 ಕೆಬಿಯ ತುಂಡಿಗೆ ಒಂದು ಪುಟ ಅಂದರೆ ಒಟ್ಟು 32,768 ಪುಟ. ಅದರಲ್ಲಿ ಖಾಲಿ ಎಷ್ಟಿವೆ ಅಂತ ಎಣಿಸುವ ಸಣ್ಣ ಫಂಕ್ಷನ್ ಒಂದಿತ್ತು. ಹತ್ತು ಸಲ ಸರಿಯಾಗಿ ಹೇಳುತ್ತಿತ್ತು. ಹನ್ನೊಂದನೇ ಸಲ, 10 ಲಕ್ಷಕ್ಕೂ ಜಾಸ್ತಿ ಪುಟ ಖಾಲಿ ಇವೆ ಅನ್ನುತ್ತಿತ್ತು! ಎಲ್ಲಿ ಕೆಡುತ್ತಿದೆ ಅಂತ ನೋಡಲು ಮಧ್ಯೆ ಒಂದು ಪ್ರಿಂಟ್ ಸಾಲು ಹಾಕಿದರೆ ಲೆಕ್ಕ ಸರಿ. ತೆಗೆದರೆ ಮತ್ತೆ ತಪ್ಪು. ತಪ್ಪು ಹುಡುಕುವ ಸಾಧನ ಜಿಡಿಬಿಯಲ್ಲಿ ಒಂದೊಂದೇ ಹೆಜ್ಜೆ ನಡೆಸಿದರೂ ಸರಿ. ಕಳ್ಳನಿಗೆ ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗುತ್ತಿತ್ತೋ ಏನೋ. ಕೊನೆಗೆ ತಪ್ಪು ಕ್ಯೂಎಮುದ್ದೇ ಅಂತ ತೀರ್ಮಾನ ಮಾಡಿ, ಸಿಕ್ಕಿದವರ ಹತ್ತಿರವೆಲ್ಲ ಅದನ್ನು ಬೈದುಕೊಂಡು ಓಡಾಡಿದೆ.

ಮೊದಲ ಥ್ಯಾಂಕ್ಸ್ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿಗೆ. ಅವಳು ಎರಡು ಮಾತು ಹೇಳಿದಳು. 'ಸರ್, ಬಾಕ್ಸ್‌ನಲ್ಲೂ ಒಮ್ಮೆ ಓಡಿಸಿ.' ಬಾಕ್ಸ್ (Bochs) ಅಂದರೆ ಕ್ಯೂಎಮು ತರಹದ್ದೇ ಇನ್ನೊಂದು ಸಾಫ್ಟ್‌ವೇರ್. ಓಡಿಸಿದೆ. ಅಲ್ಲೂ ಅದೇ ರೋಗ. ಅಲ್ಲಿಗೆ ಕ್ಯೂಎಮು ಮೇಲಿನ ನನ್ನ ಆರೋಪ ಬಿದ್ದುಹೋಯಿತು. ಎರಡನೇ ಮಾತು, 'ಇಂಟರಪ್ಟ್ ಲಾಗ್ ಯಾಕೆ ಖಾಲಿ ಬರ್ತಿದೆ ಅಂದ್ರೆ, ನೀವು ಕೆವಿಎಂ ಆಫ್ ಮಾಡಿಲ್ಲ.' ಹೌದಲ್ವಾ! ಕೆವಿಎಂ ಅಂದರೆ ನಿಜವಾದ ಪ್ರೊಸೆಸರನ್ನೇ ಬಳಸಿ ವೇಗ ಹೆಚ್ಚಿಸುವ ಲಿನಕ್ಸ್ ಸೌಲಭ್ಯ. ಅದು ಇದ್ದರೆ ಇಂಟರಪ್ಟ್‌ಗಳು ನೇರ ಪ್ರೊಸೆಸರ್‌ನಲ್ಲೇ ನಡೆದುಹೋಗುತ್ತವೆ, ಕ್ಯೂಎಮು ಕಣ್ಣಿಗೆ ಬೀಳುವುದೇ ಇಲ್ಲ. ಆಫ್ ಮಾಡಿದ ಮೇಲೆ ಒಂದೊಂದು ಇಂಟರಪ್ಟ್‌ಗೂ ಎಲ್ಲ ರಿಜಿಸ್ಟರ್‌ಗಳ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹಗಳ) ಮೌಲ್ಯ ಲಾಗ್‌ನಲ್ಲಿ ಸಾಲಾಗಿ ಬಂತು.

ಎರಡನೆಯದು ನನ್ನ ಹಳೆಯ ಗೆಳೆಯನಿಗೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಗೋಳಾಡಿದೆ. ಅವನು ಕೋಡ್ ಕೇಳಲಿಲ್ಲ. 'ಆ ತಪ್ಪು ಸಂಖ್ಯೆ ಎಷ್ಟು ಹೇಳೋ' ಅಂದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಂದು ಎಂಬಿ ಅಂದರೆ 10,48,576 ಬೈಟ್. ನಿನ್ನ ಕರ್ನೆಲ್ ಕೂತಿರೋದು ಅಲ್ಲೇ ತಾನೆ? ಇದು ಲೆಕ್ಕ ಅಲ್ಲ ಮಾರಾಯ, ಮೆಮೊರಿ ವಿಳಾಸ' ಅಂದ. ನನಗೆ ಮೈ ಜುಂ ಅಂದಿತು. ಎರಡು ತಿಂಗಳಿಂದ ಆ ಸಂಖ್ಯೆ ಕಣ್ಣೆದುರೇ ಇತ್ತು. ತಪ್ಪು ಅಂತ ನೋಡಿದ್ದೆನೇ ಹೊರತು, ಅದು ಏನು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಲಾಗ್ ಜೊತೆ ಹೋಲಿಸಿದರೆ ಅದು ನನ್ನದೇ ಸ್ಟ್ಯಾಕ್‌ನ (ಫಂಕ್ಷನ್‌ಗಳು ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ಮೆಮೊರಿ ಜಾಗದ) ವಿಳಾಸ. ಆದದ್ದಿಷ್ಟು. 64 ಬಿಟ್ ಲಿನಕ್ಸ್‌ನಲ್ಲಿ ಕಂಪೈಲರ್‌ಗೆ (ಕೋಡನ್ನು ಮೆಷಿನ್ ಭಾಷೆಗೆ ಇಳಿಸುವ ಸಾಫ್ಟ್‌ವೇರ್‌ಗೆ) ಒಂದು ರಿಯಾಯಿತಿ ಇದೆ. ಬೇರೆ ಫಂಕ್ಷನ್ ಕರೆಯದ ಫಂಕ್ಷನ್ ಆದರೆ, ಸ್ಟ್ಯಾಕ್ ಪಾಯಿಂಟರ್ (ಸ್ಟ್ಯಾಕ್‌ನ ತುದಿ ಎಲ್ಲಿದೆ ಅಂತ ತೋರಿಸುವ ರಿಜಿಸ್ಟರ್) ಸರಿಸದೆ ಅದರ ಕೆಳಗಿನ 128 ಬೈಟ್ ಬಳಸಿಕೊಳ್ಳಬಹುದು. ಇದಕ್ಕೆ ರೆಡ್ ಝೋನ್ ಅಂತ ಹೆಸರು. ಸಾಮಾನ್ಯ ಪ್ರೋಗ್ರಾಮ್‌ಗೆ ತೊಂದರೆ ಇಲ್ಲ, ಅಲ್ಲಿ ಇಂಟರಪ್ಟ್ ಬಂದರೆ ಪ್ರೊಸೆಸರ್ ಕರ್ನೆಲ್‌ನ ಬೇರೆ ಸ್ಟ್ಯಾಕ್‌ಗೆ ಹೋಗುತ್ತದೆ. ಕರ್ನೆಲ್ ಒಳಗೇ ಇದ್ದಾಗ ಇಂಟರಪ್ಟ್ ಬಂದರೆ ಪ್ರೊಸೆಸರ್ ಅದೇ ಸ್ಟ್ಯಾಕ್‌ನಲ್ಲಿ 40 ಬೈಟ್ (ಅದರಲ್ಲಿ ಸ್ಟ್ಯಾಕ್‌ನ ವಿಳಾಸವೂ ಒಂದು) ತಂದು ಸುರಿಯುತ್ತದೆ, ನನ್ನ ಎಣಿಕೆಯ ತಲೆ ಮೇಲೇ. ಪ್ರಿಂಟ್ ಹಾಕಿದಾಗ ಫಂಕ್ಷನ್ ಬೇರೊಂದನ್ನು ಕರೆಯುತ್ತಿತ್ತು, ರಿಯಾಯಿತಿ ಹೋಗುತ್ತಿತ್ತು, ಲೆಕ್ಕ ಉಳಿಯುತ್ತಿತ್ತು. ಜಿಡಿಬಿಯಲ್ಲಿ ಹೆಜ್ಜೆ ಹಾಕುವಾಗ ಕ್ಯೂಎಮು ಇಂಟರಪ್ಟ್‌ಗಳನ್ನೇ ತಡೆದಿಡುತ್ತದೆ. ಕಳ್ಳ ಬರದೇ ಇದ್ದದ್ದು ಅದಕ್ಕೆ.

ಮದ್ದು ಒಂದೇ ಫ್ಲ್ಯಾಗ್. ರೆಡ್ ಝೋನ್ ಬೇಡ ಅಂತ ಕಂಪೈಲರ್‌ಗೆ ಹೇಳುವುದು. ಲಿನಕ್ಸ್ ಕರ್ನೆಲ್ ಕೂಡ ಹಾಗೇ ಕಂಪೈಲ್ ಆಗುತ್ತದೆ. ನಾನು ಸುಮ್ನೆ ಎಲ್ಲಿಂದಲೋ ಮೇಕ್‌ಫೈಲ್ (ಕಂಪೈಲ್ ಮಾಡುವ ಸೂಚನೆಗಳ ಕಡತ) ಎತ್ತಿಕೊಂಡು, ಅರ್ಥವಾಗದ ಫ್ಲ್ಯಾಗ್‌ಗಳನ್ನು 'ಕ್ಲೀನ್' ಮಾಡಿದ್ದೆ. ಅವಾಗಲೇ ಅದನ್ನೂ ಅಳಿಸಿದ್ದೇನೆ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ನನ್ನ ಹೆಸರಲ್ಲೇ ದಾಖಲೆ ಇದೆ, ಬೇರೆಯವರ ಮೇಲೆ ಹಾಕುವ ಹಾಗೂ ಇಲ್ಲ.

2003ರಲ್ಲಿ ಕ್ಯೂಎಮು ಹೊರತಂದ ಫ್ಯಾಬ್ರಿಸ್ ಬೆಲಾರ್ಡ್ ಅವರಿಗೆ, ಅಂದಿನಿಂದ ಅದನ್ನು ಬೆಳೆಸಿಕೊಂಡು ಬಂದವರಿಗೆ ಥ್ಯಾಂಕ್ಸ್ ಜೊತೆ ಒಂದು ಕ್ಷಮೆಯೂ ಇರಲಿ. ನಿಮ್ಮ ಕೆಲಸ ಸರಿಯಾಗಿಯೇ ಇತ್ತು. ಬಾಕ್ಸ್ ಶುರು ಮಾಡಿದ ಕೆವಿನ್ ಲಾಟನ್ ಅವರಿಗೂ ನನ್ನ ನಮಸ್ಕಾರ. ಎರಡನೇ ಸಾಕ್ಷಿ ಸಿಗದಿದ್ದರೆ ನಾನು ಇನ್ನೂ ವಾದ ಮಾಡುತ್ತಲೇ ಇರುತ್ತಿದ್ದೆ.

ಮನೆಯವರಿಗೆ ಏನು ಹೇಳಲಿ. ಊಟದ ಹೊತ್ತಿನಲ್ಲೂ ಸ್ಟ್ಯಾಕ್ ಬಗ್ಗೆ ಕೇಳಿಸಿಕೊಂಡರು. ಇಂದು ಬೆಳಿಗ್ಗೆ ಮಗಳು ಪರದೆ ನೋಡಿ, 'ಇದು ಎಣಿಸೋದಷ್ಟೇನಾ ಅಪ್ಪಾ?' ಅಂದಳು. ಹೌದು ಮಗಳೇ, ಸದ್ಯಕ್ಕೆ ಅಷ್ಟೇ.

ನಿನ್ನೆ ಸಂಜೆ ಕೀಬೋರ್ಡ್ ಡ್ರೈವರ್ ಶುರು ಮಾಡಿದ್ದೇನೆ. ಮೊದಲ ಕೀ ಒತ್ತಿದರೆ ಬರುತ್ತದೆ, ಎರಡನೆಯದು ಬರುತ್ತಿಲ್ಲ. ಗೆಳೆಯಾ, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಎತ್ತಿಕೋ.